ಪುನರುಕ್ತಿ ಚಿಹ್ನೆಯ ಎರಡು ವಂಶಗಳು

ಲೇಖನಚಿಹ್ನೆಗಳ ಪಾಠ ಪೂರ್ಣವಿರಾಮದಿಂದ ಶುರುವಾಗಿ ಉದ್ಧರಣ, ಆವರಣಗಳಲ್ಲಿ ಮುಗಿಯುವುದೇ ರೂಢಿ. ಮೇಲಿನದನ್ನೇ ಇಲ್ಲೂ ಓದಿಕೊಳ್ಳಿ ಎನ್ನುವ ಜೋಡಿಗೀರಿಗೆ (") ಅಲ್ಲಿ ಜಾಗ ಸಿಗುವುದು ಅಪರೂಪ. ಹಾಜರಿಪಟ್ಟಿ, ಉದ್ರಿ ಪುಸ್ತಕಗಳೇ ಅದರ ನೆಲೆ. ಪುನರುಕ್ತಿಯ ಗುರುತುಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದುಂಟು. ನನ್ನ ಪ್ರಕಾರ ಅವು ಎರಡು ಬೇರೆ ವಂಶಗಳು: ಒಂದು ಮೇಲಕ್ಕೆ ನೋಡುತ್ತದೆ, ಇನ್ನೊಂದು ಹಿಂದಕ್ಕೆ.

ಮೇಲಕ್ಕೆ ನೋಡುವುದಕ್ಕೆ ಕಂಬಸಾಲು ಬೇಕು. ನವ-ಅಸೀರಿಯನ್ ಕಾಲದ (ಕ್ರಿ.ಪೂ. 10ರಿಂದ 7ನೇ ಶತಮಾನ) ಒಂದು ಜೇಡಿಮಣ್ಣಿನ ಫಲಕದಲ್ಲಿ ಇಂಥ ಜೋಡಿಗೀರು ಕಾಣುತ್ತದೆ, ಆ ಫಲಕವೂ ಸಮಾನಾರ್ಥಕ ಪದಗಳ ಪಟ್ಟಿಯೇ. ಇಟಲಿಯಿಂದ ಬಂದ ‘ಡಿಟ್ಟೊ’ ಎಂಬ ಹೆಸರನ್ನು 17ನೇ ಶತಮಾನದ ಇಂಗ್ಲಿಷರು ಬಳಸಿದ್ದು, ತಾರೀಖುಗಳ ಜೊತೆ ತಿಂಗಳ ಹೆಸರನ್ನು ಮತ್ತೆ ಮತ್ತೆ ಬರೆಯುವ ಕೆಲಸ ತಪ್ಪಿಸಲು. ನಮ್ಮ ಕಚೇರಿ ಕನ್ನಡದ ‘ಸದರಿ’ ಅದೇ ಕೆಲಸವನ್ನು ವಾಕ್ಯದೊಳಗೆ ಮಾಡುತ್ತದೆ.

ಹಿಂದಕ್ಕೆ ನೋಡುವ ಗುರುತಿನ ಚರಿತ್ರೆ ಹೆಚ್ಚು ಸ್ವಾರಸ್ಯದ್ದು. ಚೀನಾದ ಪಶ್ಚಿಮ ಝೌ ಕಾಲದ ಕಂಚಿನ ಪಾತ್ರೆಗಳ ಮೇಲೆ, ಮಕ್ಕಳು ಮೊಮ್ಮಕ್ಕಳು ಇದನ್ನು ಜೋಪಾನವಾಗಿ ಬಳಸಲಿ ಎಂಬ ಹಾರೈಕೆಯಲ್ಲಿ, ‘ಝಿ’ ಮತ್ತು ‘ಸುನ್’ ಅಕ್ಷರಗಳ ಪಕ್ಕ ಎರಡೆರಡು ಪುಟ್ಟ ಅಡ್ಡಗೀರುಗಳಿವೆ. ಓದುವಾಗ ಅದು ‘ಝಿಝಿ ಸುನ್‌ಸುನ್’. ಜಪಾನೀಯರ ‘ನೊಮಾ’ ಇದೇ ವಂಶದ್ದು. ಅವರ ಶಿಕ್ಷಣ ಸಚಿವಾಲಯ 1946ರಲ್ಲಿ ಇಂಥ ಗುರುತುಗಳ ಬಳಕೆಗೆ ನಿಯಮದ ಕರಡನ್ನೇ ಹೊರಡಿಸಿತು. ‘ಹಿತೊ’ ಎಂದರೆ ಮನುಷ್ಯ. ಅದರ ಮುಂದೆ ನೊಮಾ ಹಾಕಿದರೆ ‘ಹಿತೊಬಿತೊ’, ಜನರು. ಉಚ್ಚಾರದಲ್ಲಿ ‘ಹಿ’ ಹೋಗಿ ‘ಬಿ’ ಬಂದರೂ ಗುರುತು ಕದಲುವುದಿಲ್ಲ. ಅಂದರೆ ಅದು ಮರಳಿಸುವುದು ಬರಹವನ್ನು, ದನಿಯನ್ನಲ್ಲ. ಹಾಗೆಂದು ಒಂದೇ ಅಕ್ಷರ ಎರಡು ಸಲ ಬಂದಲ್ಲೆಲ್ಲ ಅದನ್ನು ಹಾಕುವಂತಿಲ್ಲ. ಪ್ರಜಾಪ್ರಭುತ್ವವಾದ ಎಂಬರ್ಥದ ‘ಮಿನ್‌ಶು-ಶುಗಿ’ಯಲ್ಲಿ ಮೊದಲ ‘ಶು’ ಒಂದು ಪದದ ಕೊನೆ, ಎರಡನೆಯದು ಮತ್ತೊಂದರ ಆರಂಭ. ಶಿಷ್ಟ ಬರಹದಲ್ಲಿ ಅಲ್ಲಿ ನೊಮಾ ಸಲ್ಲದು. ಇಷ್ಟು ವ್ಯಾಕರಣಪ್ರಜ್ಞೆ ಜೋಡಿಗೀರಿಗಿಲ್ಲ.

ಹಿಂದಕ್ಕೆ ನೋಡುವ ಗುರುತಿಗೆ ಥಾಯ್ ಲಿಪಿಯಲ್ಲಿ ‘ಮೈ ಯಮೊಕ್’ ಎಂದು ಹೆಸರು. ನಮ್ಮ ಅಲಂಕಾರಶಾಸ್ತ್ರದಲ್ಲೂ ಇರುವ ‘ಯಮಕ’ ಎಂಬ ಪದವೇ ಅಲ್ಲಿ ಚಿಹ್ನೆಯ ಹೆಸರಾಗಿದೆ! ಖ್ಮೆರ್ ಭಾಷೆಯಲ್ಲಿ ಅದು ‘ಎರಡರ ಅಂಕಿ’. ಉತ್ತರ ಭಾರತದ ನಾಗರಿ ಹಸ್ತಪ್ರತಿಗಳಲ್ಲೂ ಪದದ ಮುಂದೆ 2 ಬರೆದು ದ್ವಿರುಕ್ತಿ ತೋರಿಸುತ್ತಿದ್ದರು. ಇಂಡೊನೇಷ್ಯಾ 1947ರ ಕಾಗುಣಿತದಲ್ಲಿ ಇದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟಿತು: ‘ಅನಕ್-ಅನಕ್’ (ಮಕ್ಕಳು) ಬದಲು ‘ಅನಕ್2’. 1972ರ ಸುಧಾರಣೆ ಅದನ್ನು ಶಿಷ್ಟ ಬರಹದಿಂದ ಹೊರಗಿಟ್ಟಿತು. ತರಕಾರಿ ಗಿರಕಾರಿ ಎನ್ನುವಂಥ ‘ಸಯುರ್-ಮಯುರ್’ಗಂತೂ ಅಂಕಿ ಎಂದೂ ಒದಗುತ್ತಿರಲಿಲ್ಲ.

ಕನ್ನಡದ ಸಾಮಾನ್ಯ ಬರವಣಿಗೆಯಲ್ಲಿ ಇಂಥ ಗುರುತು ಬೇರೂರದಿರುವುದಕ್ಕೆ ನಮ್ಮ ದ್ವಿರುಕ್ತಿಯ ಸ್ವಭಾವವೇ ಒಂದು ಕಾರಣವಿರಬಹುದು. ‘ಬೇಗ ಬೇಗ’ ಎಂಬಲ್ಲಿ 2 ನಡೆದೀತು. ‘ಕಟ್ಟಕಡೆ’, ‘ನಟ್ಟನಡು’, ‘ತುತ್ತತುದಿ’ಗಳಲ್ಲಿ ಮೊದಲ ಭಾಗವೇ ರೂಪ ಬದಲಿಸಿದೆ. ಮರಳಬೇಕಾದ್ದು ಪದವಲ್ಲದೆ ಇಡೀ ಸಾಲಾದಾಗ ಮಾತ್ರ ಸಂಕೇತ ನಿಂತಿದೆ: ಅಚ್ಚಾದ ದಾಸರ ಪದಗಳ ಪಲ್ಲವಿಯ ಕೊನೆಯಲ್ಲಿರುವ ‘॥ಪ॥’. ಪ್ರತಿ ಚರಣ ಮುಗಿದಾಗ ಹಾಡುವವರು ಮರಳುವುದು ಅಲ್ಲಿಗೇ.

ಕಂಬಸಾಲಿನ ವಂಶಕ್ಕೆ ಈಗ ಕುತ್ತು ಬಂದಿರುವುದು ಕಂಪ್ಯೂಟರಿನಿಂದ. ಪಟ್ಟಿಯನ್ನು ಅಕಾರಾದಿಯಾಗಿ ಹೊಂದಿಸಿದೊಡನೆ ಸಾಲುಗಳು ಸ್ಥಳ ಬದಲಿಸುತ್ತವೆ. ಮೈಸೂರನ್ನು ತೋರುತ್ತಿದ್ದ ಜೋಡಿಗೀರು ಮಂಡ್ಯದ ಕೆಳಗೆ ಬಂದು ಕೂತರೆ ಅದು ಮಂಡ್ಯವೇ ಆಗಿಬಿಡುತ್ತದೆ. ನೊಮಾಕ್ಕೆ ಆ ಭಯವಿಲ್ಲ, ಅದು ತನ್ನ ಪದದ ಜೊತೆಗೇ ಸಾಗುತ್ತದೆ.