ರಸ್ತೆ ಎಲ್ಲರದು, ನಕ್ಷೆಗೆ ಒಡೆಯರುಂಟು: ಡಿಜಿಟಲ್ ನಕ್ಷೆ ಮತ್ತು ಕೃತಿಸ್ವಾಮ್ಯ

ಅಂಗಡಿಯ ವೆಬ್‌ಸೈಟಿಗೆ ದಾರಿ ತೋರಿಸುವ ಚಿತ್ರ ಬೇಕು. ಮದುವೆಯ ಆಮಂತ್ರಣ ಪತ್ರಿಕೆಯ ಹಿಂಬದಿಗೆ ಕಲ್ಯಾಣ ಮಂಟಪದ ಗುರುತು ಬೇಕು. ಅಂತರ್ಜಾಲದಲ್ಲಿ ಸಿಕ್ಕ ನಕ್ಷೆಯ ತುಣುಕನ್ನು ಕತ್ತರಿಸಿ ಅಂಟಿಸಿದರೆ ಕೆಲಸ ಮುಗಿಯಿತು ಎಂಬುದು ಬಹುತೇಕರ ನಂಬಿಕೆ. ರಸ್ತೆ ಯಾರೊಬ್ಬರ ಸ್ವತ್ತೂ ಅಲ್ಲವೆಂದ ಮೇಲೆ ರಸ್ತೆಯ ಚಿತ್ರ ಮಾತ್ರ ಯಾರ ಸ್ವತ್ತಾದೀತು ಎಂಬ ಪ್ರಶ್ನೆಯೂ ಸಹಜವೇ.

ಆದರೆ ಕಾನೂನು ಹೇಳುವುದು ಬೇರೆ. ಜರ್ಮನಿಯಲ್ಲಿ 2000ದ ದಶಕದಲ್ಲಿ ಹೀಗೆ ನಗರ ನಕ್ಷೆಯ ತುಣುಕುಗಳನ್ನು ತಮ್ಮ ಪುಟಗಳಲ್ಲಿ ಹಾಕಿಕೊಂಡ ಸಣ್ಣ ವ್ಯಾಪಾರಿಗಳು, ಸಂಘ ಸಂಸ್ಥೆಗಳು ಮತ್ತು ಖಾಸಗಿ ವ್ಯಕ್ತಿಗಳಿಗೆ ನಕ್ಷೆ ಪ್ರಕಾಶಕರಿಂದ ವಕೀಲರ ನೋಟಿಸುಗಳು ಬಂದವು. ಅಂಗೈಯಗಲದ ಚಿತ್ರಕ್ಕೆ ನೂರಾರು ಯೂರೋ ತೆರಬೇಕಾದ ಪ್ರಸಂಗಗಳು ಎದುರಾದವು. ನಕ್ಷೆಯೂ ಒಂದು ಕೃತಿ, ಅದಕ್ಕೂ ಕರ್ತೃವಿದ್ದಾನೆ ಎಂಬುದನ್ನು ಅನೇಕರು ಅರಿತದ್ದು ಆಗಲೇ.

ಕಾನೂನಿನಲ್ಲಿ ನಕ್ಷೆಯ ಸ್ಥಾನ

ನಕ್ಷೆಗೆ ಕೃತಿಸ್ವಾಮ್ಯ ಸಲ್ಲುವುದು ಹೊಸ ವಿಚಾರವಲ್ಲ. ಅಮೆರಿಕದ ಸಂಸತ್ತು 1790ರಲ್ಲಿ ಅಂಗೀಕರಿಸಿದ ಮೊದಲ ಕೃತಿಸ್ವಾಮ್ಯ ಕಾಯ್ದೆಯೇ ಪುಸ್ತಕಗಳ ಜೊತೆಗೆ ಭೂಪಟ ಮತ್ತು ನೌಕಾಪಟಗಳಿಗೂ ರಕ್ಷಣೆ ನೀಡಿತ್ತು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 2(ಸಿ) ಕಲಮು ‘ಕಲಾಕೃತಿ’ಯ ವ್ಯಾಖ್ಯೆಯಲ್ಲಿ ನಕ್ಷೆಯನ್ನು ಹೆಸರಿಸಿಯೇ ಸೇರಿಸಿದೆ. ಅದೇ ಕಾಯ್ದೆಯ 2(ಒ) ಕಲಮು ಕಂಪ್ಯೂಟರ್ ತಂತ್ರಾಂಶ ಹಾಗೂ ದತ್ತಾಂಶ ಸಂಗ್ರಹಗಳನ್ನು ‘ಸಾಹಿತ್ಯ ಕೃತಿ’ ಎಂದು ಪರಿಗಣಿಸುತ್ತದೆ. ಡಿಜಿಟಲ್ ನಕ್ಷೆಗೆ ಈ ಎರಡು ಮುಖಗಳೂ ಇವೆ. ಪರದೆಯ ಮೇಲೆ ಕಾಣುವ ಬಣ್ಣ, ಗೆರೆ, ಸಂಕೇತಗಳು ಕಲಾಕೃತಿ. ಅದರ ಹಿಂದೆ ಅಡಗಿರುವ ಅಕ್ಷಾಂಶ, ರೇಖಾಂಶ, ರಸ್ತೆಯ ಹೆಸರು, ಏಕಮುಖ ಸಂಚಾರದ ವಿವರ ಇತ್ಯಾದಿಗಳ ಕೋಷ್ಟಕ ದತ್ತಾಂಶ ಸಂಗ್ರಹ.

ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕು ಜಾರಿಗೆ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ವ್ಯಕ್ತಿಯೊಬ್ಬ ತನ್ನ ಹೆಸರಿನಲ್ಲಿ ಪ್ರಕಟಿಸಿದ ನಕ್ಷೆಗೆ ಆತನ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳ ರಕ್ಷಣೆ ಇರುತ್ತದೆ. ನಕ್ಷೆಯ ಮೂಲೆಯಲ್ಲಿ ಹಕ್ಕಿನ ಚಿಹ್ನೆ ಇಲ್ಲದ ಮಾತ್ರಕ್ಕೆ ಅದು ಬಿಟ್ಟಿ ಸರಕಾಗುವುದಿಲ್ಲ.

ಸಂಗತಿಗೆ ಒಡೆತನವಿಲ್ಲ

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಕಾನೂನು ರಕ್ಷಿಸುವುದು ಅಭಿವ್ಯಕ್ತಿಯನ್ನೇ ಹೊರತು ಸಂಗತಿಯನ್ನಲ್ಲ. ಮೈಸೂರು ಬೆಂಗಳೂರಿನ ನೈಋತ್ಯಕ್ಕಿದೆ ಎಂಬುದು ಸಂಗತಿ. ಅದನ್ನು ಯಾರು ಬೇಕಾದರೂ ತಮ್ಮ ನಕ್ಷೆಯಲ್ಲಿ ತೋರಿಸಬಹುದು. ಯಾವುದನ್ನು ಕಾಣಿಸಬೇಕು, ಯಾವುದನ್ನು ಬಿಡಬೇಕು, ಯಾವ ಬಣ್ಣ, ಯಾವ ಚಿಹ್ನೆ ಬಳಸಬೇಕು ಎಂಬ ಆಯ್ಕೆ ಮಾತ್ರ ನಕ್ಷೆಗಾರನದು.

ಕೇವಲ ಬೆವರು ಸುರಿಸಿ ಮಾಹಿತಿ ಕಲೆಹಾಕಿದರೆ ಹಕ್ಕು ಬಂದೀತೇ? ಬಾರದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ, ದೂರವಾಣಿ ಕೈಪಿಡಿಯೊಂದಕ್ಕೆ ಸಂಬಂಧಿಸಿದ ಫೈಸ್ಟ್ ಪ್ರಕರಣದಲ್ಲಿ ತೀರ್ಪಿತ್ತಿತು. ಭಾರತದ ಸುಪ್ರೀಂ ಕೋರ್ಟ್ ಕೂಡ 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ, ಶ್ರಮವೊಂದೇ ಸಾಲದು, ಕೌಶಲ ಮತ್ತು ವಿವೇಚನೆಯೊಂದಿಗೆ ಕನಿಷ್ಠ ಸೃಜನಶೀಲತೆಯಾದರೂ ಇರಬೇಕು ಎಂದಿತು.

ಐರೋಪ್ಯ ಒಕ್ಕೂಟದ ಹಾದಿ ಭಿನ್ನ. ಅಲ್ಲಿ 1996ರ ನಿರ್ದೇಶನವು ದತ್ತಾಂಶ ಸಂಗ್ರಹಕ್ಕೆ ಹೂಡಿದ ಬಂಡವಾಳವನ್ನೇ ಗುರುತಿಸಿ 15 ವರ್ಷಗಳ ಪ್ರತ್ಯೇಕ ಹಕ್ಕು ನೀಡಿದೆ. ಜರ್ಮನಿಯ ಬವೇರಿಯಾ ರಾಜ್ಯದ ಭೂನಕ್ಷೆಗಳನ್ನು ಸ್ಕ್ಯಾನ್ ಮಾಡಿ ಸೈಕಲ್ ಸವಾರರ ಮಾರ್ಗದರ್ಶಿ ಸಿದ್ಧಪಡಿಸಿದ ಆಸ್ಟ್ರಿಯಾದ ಪ್ರಕಾಶಕರೊಬ್ಬರ ಪ್ರಕರಣದಲ್ಲಿ, ಕಾಗದದ ನಕ್ಷೆಯಿಂದ ಹೆಕ್ಕಿದ ಭೌಗೋಳಿಕ ಮಾಹಿತಿಗೂ ಈ ರಕ್ಷಣೆ ಅನ್ವಯಿಸಬಹುದು ಎಂದು ಐರೋಪ್ಯ ನ್ಯಾಯಾಲಯ 2015ರಲ್ಲಿ ಹೇಳಿತು. ಭಾರತದಲ್ಲಿ ಅಂಥ ಪ್ರತ್ಯೇಕ ಹಕ್ಕು ಇಲ್ಲ. ಆದ್ದರಿಂದ ಇಲ್ಲಿ ನಕ್ಷೆಯ ಚಿತ್ರಕ್ಕೆ ಇರುವಷ್ಟು ಬಲವಾದ ಕಾವಲು ಅದರ ಹಿಂದಿನ ಮಾಹಿತಿಗೆ ಇಲ್ಲ.

ಕಳ್ಳತನ ಪತ್ತೆಗೆ ಸುಳ್ಳೂರು

ಎರಡು ನಕ್ಷೆಗಳು ಒಂದೇ ಊರನ್ನು ಸರಿಯಾಗಿ ತೋರಿಸಿದರೆ ಅವು ಹೋಲುವುದು ಅನಿವಾರ್ಯ. ಹಾಗಿರುವಾಗ ನಕಲನ್ನು ಸಾಬೀತುಪಡಿಸುವುದು ಹೇಗೆ? ಇದಕ್ಕೆ ನಕ್ಷೆಗಾರರು ಕಂಡುಕೊಂಡ ಉಪಾಯ ಸುಳ್ಳು. ಇಲ್ಲದ ಓಣಿ, ಇಲ್ಲದ ಊರನ್ನು ನಕ್ಷೆಯಲ್ಲಿ ಸೇರಿಸುವುದು, ಅದು ಇನ್ನೊಬ್ಬರ ನಕ್ಷೆಯಲ್ಲಿ ಕಂಡರೆ ಕಳ್ಳತನ ಬಯಲು.

ಅಮೆರಿಕದ ಜನರಲ್ ಡ್ರಾಫ್ಟಿಂಗ್ ಕಂಪನಿ 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ‘ಆಗ್ಲೋ’ ಎಂಬ ಊರನ್ನು ಹೀಗೆ ಸೃಷ್ಟಿಸಿತು. ಅದು ಕಂಪನಿಯ ಸ್ಥಾಪಕ ಒಟ್ಟೊ ಲಿಂಡ್‌ಬರ್ಗ್ ಮತ್ತು ಸಹಾಯಕ ಅರ್ನೆಸ್ಟ್ ಆಲ್ಪರ್ಸ್ ಅವರ ಹೆಸರಿನ ಮೊದಲಕ್ಷರಗಳನ್ನು ಕಲಸಿ ಮಾಡಿದ ಪದ. ಮುಂದೆ ರ‍್ಯಾಂಡ್ ಮ್ಯಾಕ್‌ನಾಲಿ ಕಂಪನಿಯ ನಕ್ಷೆಯಲ್ಲೂ ಆಗ್ಲೋ ಕಾಣಿಸಿಕೊಂಡಿತು. ಆದರೆ ಅಷ್ಟರಲ್ಲಿ ಯಾರೋ ನಕ್ಷೆಯನ್ನೇ ನಂಬಿ ಆ ಜಾಗದಲ್ಲಿ ‘ಆಗ್ಲೋ ಜನರಲ್ ಸ್ಟೋರ್’ ಎಂಬ ಅಂಗಡಿ ತೆರೆದಿದ್ದರು! ಸುಳ್ಳೂರು ನಿಜವಾಗಿತ್ತು, ನಕಲಿನ ಆಪಾದನೆ ನಿಲ್ಲದಾಯಿತು.

ಸುಳ್ಳು ಬೀದಿಗಳಿಗೆ ಸ್ವತಂತ್ರವಾಗಿ ಕೃತಿಸ್ವಾಮ್ಯ ದೊರೆಯದು ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು 1992ರಲ್ಲಿ ಹೇಳಿತು. ನಕಲು ನಡೆದಿದೆ ಎಂಬುದಕ್ಕೆ ಅವು ಸಾಕ್ಷಿಯಾಗಬಲ್ಲವು, ಅಷ್ಟೇ. ಬ್ರಿಟನ್ನಿನಲ್ಲಿ ಸರ್ಕಾರಿ ನಕ್ಷಾ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಹಾಗೂ ಆಟೊಮೊಬೈಲ್ ಅಸೋಸಿಯೇಷನ್ ನಡುವಿನ ವ್ಯಾಜ್ಯ 2001ರಲ್ಲಿ 2 ಕೋಟಿ ಪೌಂಡ್‌ಗಳ ರಾಜಿಯಲ್ಲಿ ಮುಗಿಯಿತು.

ಒಪ್ಪಂದವೇ ಬೇಲಿ

ಡಿಜಿಟಲ್ ನಕ್ಷೆಯನ್ನು ಇಂದು ಕಂಪನಿಗಳು ಮಾರುವುದಕ್ಕಿಂತ ಹೆಚ್ಚಾಗಿ ಪರವಾನಗಿಯ ಮೇಲೆ ಬಳಸಲು ಕೊಡುತ್ತವೆ. ಮಾಹಿತಿಯನ್ನು ಸಂಗ್ರಹಿಸಿಟ್ಟುಕೊಳ್ಳಬಾರದು, ಅದರ ನೆರವಿನಿಂದ ಪ್ರತಿಸ್ಪರ್ಧಿ ನಕ್ಷೆ ತಯಾರಿಸಬಾರದು ಎಂಬ ಷರತ್ತುಗಳು ಅಲ್ಲಿರುತ್ತವೆ. ಕೃತಿಸ್ವಾಮ್ಯ ಕೈಕೊಡುವಲ್ಲಿ ಒಪ್ಪಂದ ಕೈಹಿಡಿಯುತ್ತದೆ.

ಭಾರತದಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದದ್ದು 2024ರ ಜುಲೈನಲ್ಲಿ. ಮ್ಯಾಪ್‌ಮೈಇಂಡಿಯಾ ನಕ್ಷೆಗಳನ್ನು ರೂಪಿಸುವ ದೆಹಲಿಯ ಸಿಇ ಇನ್ಫೋ ಸಿಸ್ಟಮ್ಸ್ ಕಂಪನಿಯು, 2021ರ ಪರವಾನಗಿ ಒಪ್ಪಂದವನ್ನು ಮೀರಿ ತನ್ನ ದತ್ತಾಂಶವನ್ನು ನಕಲು ಮಾಡಿ ಓಲಾ ಮ್ಯಾಪ್ಸ್ ಸಿದ್ಧಪಡಿಸಲಾಗಿದೆ ಎಂದು ಆಪಾದಿಸಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್‌ಗೆ ನೋಟಿಸ್ ನೀಡಿತು. ಆರೋಪ ಸುಳ್ಳು ಮತ್ತು ದುರುದ್ದೇಶಪೂರಿತ ಎಂದು ಓಲಾ ಅದನ್ನು ನಿರಾಕರಿಸಿತು.

ಸರ್ಕಾರಿ ನಕ್ಷೆ ಉಚಿತವೇ?

ತೆರಿಗೆಯ ಹಣದಿಂದ ತಯಾರಾದ ನಕ್ಷೆ ಜನರ ಸ್ವತ್ತು ಎಂಬ ವಾದ ಅಮೆರಿಕದಲ್ಲಿ ಸಂದಿದೆ. ಅಲ್ಲಿನ ಫೆಡರಲ್ ಸರ್ಕಾರದ ಕೃತಿಗಳಿಗೆ ಕೃತಿಸ್ವಾಮ್ಯವಿಲ್ಲ. ಭಾರತದಲ್ಲಿ ಹಾಗಲ್ಲ. 1767ರಲ್ಲಿ ಸ್ಥಾಪನೆಯಾದ ಸರ್ವೆ ಆಫ್ ಇಂಡಿಯಾ ಸೇರಿದಂತೆ ಸರ್ಕಾರಿ ಇಲಾಖೆಗಳ ನಕ್ಷೆಗಳಿಗೆ ಸರ್ಕಾರವೇ ಮೊದಲ ಒಡೆಯ. ಪ್ರಕಟಣೆಯ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ.

ಆದರೂ ಬಾಗಿಲು ಕ್ರಮೇಣ ತೆರೆಯುತ್ತಿದೆ. 2005ರ ರಾಷ್ಟ್ರೀಯ ನಕ್ಷೆ ನೀತಿ ರಕ್ಷಣಾ ನಕ್ಷೆಗಳನ್ನೂ ಸಾರ್ವಜನಿಕ ನಕ್ಷೆಗಳನ್ನೂ ಬೇರ್ಪಡಿಸಿತು. 2021ರ ಫೆಬ್ರುವರಿಯ ಮಾರ್ಗಸೂಚಿಯು ಭಾರತೀಯ ಸಂಸ್ಥೆಗಳು ಪೂರ್ವಾನುಮತಿಯಿಲ್ಲದೆ ನಕ್ಷೆ ತಯಾರಿಸಲು ಅವಕಾಶ ನೀಡಿತು. ಆದರೆ ತಯಾರಿಸುವ ಸ್ವಾತಂತ್ರ್ಯವೆಂದರೆ ಇನ್ನೊಬ್ಬರದನ್ನು ನಕಲು ಮಾಡುವ ಸ್ವಾತಂತ್ರ್ಯವಲ್ಲ.

ಉಲ್ಲಂಘನೆಗೆ ಶಿಕ್ಷೆ

ಅಂತರ್ಜಾಲದಲ್ಲಿ ತನ್ನ ನಕ್ಷೆಯ ನಕಲು ಕಂಡ ಒಡೆಯ, ಅದಕ್ಕೆ ಸ್ಥಳ ಒದಗಿಸಿದ ಮಧ್ಯವರ್ತಿ ಸಂಸ್ಥೆಗೆ ಲಿಖಿತ ದೂರು ನೀಡಬಹುದು. 2013ರ ಕೃತಿಸ್ವಾಮ್ಯ ನಿಯಮಗಳಂತೆ, ದೂರು ಸಮಂಜಸವೆನಿಸಿದರೆ ಆ ಸಂಸ್ಥೆ 36 ಗಂಟೆಗಳೊಳಗೆ ಅದನ್ನು ತಡೆಹಿಡಿಯಬೇಕು. 21 ದಿನಗಳಲ್ಲಿ ನ್ಯಾಯಾಲಯದ ಆದೇಶ ಬಾರದಿದ್ದರೆ ಮತ್ತೆ ತೆರೆಯಬಹುದು. ಸಿವಿಲ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಮತ್ತು ಪರಿಹಾರ ಕೋರುವ ಹಾದಿಯೂ ಇದೆ.

ತಿಳಿದೂ ಮಾಡಿದ ಉಲ್ಲಂಘನೆಗೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಶಿಕ್ಷೆ ತಗ್ಗಿಸಬಹುದು. ಈ ಅಪರಾಧ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಖಾಸಗಿ ಅಧ್ಯಯನ, ಸಂಶೋಧನೆ, ವಿಮರ್ಶೆ ಹಾಗೂ ಪ್ರಚಲಿತ ವಿದ್ಯಮಾನಗಳ ವರದಿಗಾಗಿ ನ್ಯಾಯಯುತವಾಗಿ ಬಳಸುವುದಕ್ಕೆ 52ನೇ ಕಲಮು ವಿನಾಯಿತಿ ನೀಡಿದೆ.

ಕದಿಯದೆ ಬಳಸುವ ದಾರಿ

ಅಂಗಡಿಯ ಮಾಲೀಕನಿಗೆ ನ್ಯಾಯಬದ್ಧ ಮಾರ್ಗಗಳಿಗೆ ಕೊರತೆಯಿಲ್ಲ. ಗೂಗಲ್ ಮ್ಯಾಪ್ಸ್‌ನಂಥ ಸೇವೆಗಳು ನಕ್ಷೆಯನ್ನು ವೆಬ್‌ಸೈಟಿನಲ್ಲಿ ಅಳವಡಿಸಲು ತಾವೇ ಸಂಕೇತದ ಸಾಲನ್ನು ಕೊಡುತ್ತವೆ. ಅದನ್ನು ಬಳಸಬೇಕು, ಮೂಲೆಯಲ್ಲಿರುವ ಹಕ್ಕಿನ ಹೆಸರನ್ನು ಅಳಿಸಬಾರದು. ಬ್ರಿಟನ್ನಿನ ಸ್ಟೀವ್ ಕೋಸ್ಟ್ 2004ರಲ್ಲಿ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಯೋಜನೆಯ ನಕ್ಷೆಯನ್ನು ಸ್ವಯಂಸೇವಕರು ಊರೂರು ಸುತ್ತಿ ರಚಿಸಿದ್ದಾರೆ. ಕನ್ನಡದಲ್ಲಿ ಸ್ಥಳನಾಮಗಳನ್ನು ದಾಖಲಿಸಲೂ ಅಲ್ಲಿ ಅವಕಾಶವಿದೆ. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅದನ್ನು ಉಚಿತವಾಗಿ ಬಳಸಬಹುದು. ಆ ಸಾಮಾನ್ಯ ಸೌಜನ್ಯವೂ ಕೆಲವೊಮ್ಮೆ ಮರೆತುಹೋಗುತ್ತದೆ. 2012ರಲ್ಲಿ ಆಪಲ್ ಕಂಪನಿ ತನ್ನ ಐಫೋಟೊ ತಂತ್ರಾಂಶದಲ್ಲಿ ಈ ನಕ್ಷೆಯ ಮಾಹಿತಿಯನ್ನು ಹೆಸರಿಸದೆ ಬಳಸಿ, ಟೀಕೆ ಬಂದ ಮೇಲೆ ಮೂಲವನ್ನು ನಮೂದಿಸಿತು.

ಇದಾವುದೂ ಬೇಡವೆಂದರೆ ಬಿಳಿಯ ಹಾಳೆಯ ಮೇಲೆ ನಾಲ್ಕು ಗೆರೆ ಎಳೆದು, ಬಸ್ ನಿಲ್ದಾಣ, ದೇವಸ್ಥಾನ, ಕಲ್ಯಾಣ ಮಂಟಪ ಎಂದು ಬರೆದರಾಯಿತು. ಆಮಂತ್ರಣ ಪತ್ರಿಕೆಗೆ ಅಷ್ಟು ಸಾಕು. ಅಂಥ ನಕ್ಷೆಯ ಒಡೆತನ ಬರೆದವರದೇ.