ಮಣ್ಣಿನ ಒಡ್ಡು: ನೆರೆಗೆ ತಡೆ, ಊರಿಗೆ ರಕ್ಷೆ

ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂಥ ಊರುಗಳಲ್ಲಿ ಹಳ್ಳಗಳು ವರ್ಷದ ಬಹುಕಾಲ ಬತ್ತಿರುತ್ತವೆ, ದೊಡ್ಡ ಮಳೆಗೆ ಒಮ್ಮೆಲೇ ಉಕ್ಕುತ್ತವೆ. ಆ ರಭಸವನ್ನು ಹಿಡಿದು ನಿಧಾನವಾಗಿ ಬಿಡುವುದೇ ಒಡ್ಡಿನ ಕೆಲಸ.

ರಚನೆ: ನಡುವೆ ನೀರು ತಡೆಯುವ ಜಿಗುಟು ಎರೆಮಣ್ಣು, ಹೊರಗೆ ಗರಸಿನ ಹೊದಿಕೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಹೊದಿಕೆ ಅದನ್ನು ಕಾಯುತ್ತದೆ. ನೀರಿನ ಬದಿಗೆ ಕಲ್ಲಿನ ಹಾಸು, ಹೆಚ್ಚಿದ ನೀರಿಗೆ ಕೋಡಿ.

ಅಪಾಯ: ಕೋಡಿ ಕಟ್ಟಿಕೊಂಡರೆ ನೀರು ಒಡ್ಡಿನ ಮೇಲೇ ಹರಿದು ಮಣ್ಣನ್ನು ಕೊರೆಯುತ್ತದೆ. ಇಲಿ-ಹೆಗ್ಗಣಗಳ ಬಿಲ, ಮರದ ಬೇರು ಒಳಗೇ ದಾರಿ ಮಾಡುತ್ತವೆ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಜಲಾಶಯದ ಮಣ್ಣಿನ ಒಡ್ಡು 2019ರ ಆಗಸ್ಟ್ ಮಳೆಯಲ್ಲಿ ಒಡೆಯಿತು.

ಕಾವಲು: 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 10 ಮೀಟರಿಗಿಂತ ಕಡಿಮೆ ಎತ್ತರದ ಒಡ್ಡುಗಳಿಗೆ ಅನ್ವಯಿಸದು. ಇವುಗಳಿಗೆ ಊರಿನ ಕಣ್ಣೇ ಕಾವಲು. ಒಡ್ಡಿನ ಬುಡದಲ್ಲಿ ಕೆಸರುನೀರು ಜಿನುಗಿದರೆ, ಬಿರುಕು ಅಥವಾ ಕುಸಿತ ಕಂಡರೆ ತಕ್ಷಣ ಗ್ರಾಮ ಪಂಚಾಯಿತಿಗೆ ತಿಳಿಸಿ.