ಎರಡು ಸೂರ್ಯೋದಯಗಳ ಹಾರಾಟ

ದೂರದ ಎರಡು ಊರುಗಳ ನಡುವೆ ವಿಮಾನಕ್ಕೆ ಎಷ್ಟು ಹೊತ್ತು ಬೇಕು? ದೂರವನ್ನು ವೇಗದಿಂದ ಭಾಗಿಸಿದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ನಡುವೆ ಯುದ್ಧ ಬಂದು ಕುಳಿತರೆ ಈ ಲೆಕ್ಕ ತಪ್ಪುತ್ತದೆ.

1938ರಿಂದ ಸಿಡ್ನಿಗೂ ಇಂಗ್ಲೆಂಡಿಗೂ ನಡುವೆ ನೀರಿನ ಮೇಲಿಳಿಯುವ ವಿಮಾನಗಳು ಸಿಂಗಾಪುರದ ಮೂಲಕ ಓಡಾಡುತ್ತಿದ್ದವು. ಪ್ರಯಾಣಕ್ಕೆ ಸುಮಾರು ಹತ್ತು ದಿನ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ವಶವಾಯಿತು. ದಾರಿ ಕಡಿದುಹೋಯಿತು. ಉಳಿದದ್ದು ಹಿಂದೂ ಮಹಾಸಾಗರ ಒಂದೇ.

1943ರಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆ ಆ ಸಾಗರವನ್ನು ಒಂದೇ ಉಸಿರಿನಲ್ಲಿ ದಾಟಲು ಹೊರಟಿತು. ನಿಲ್ದಾಣಗಳಾದರೂ ಎಂಥವು? ಈ ತುದಿಯಲ್ಲಿ ಪರ್ತ್ ನಗರದ ಸ್ವಾನ್ ನದಿ, ಆ ತುದಿಯಲ್ಲಿ ಸಿಲೋನಿನ ಕೊಗ್ಗಲ ಸರೋವರ. ನಡುವೆ ಸುಮಾರು 5,650 ಕಿಲೋಮೀಟರ್ ನೀರು. ಕ್ಯಾಟಲಿನಾ ವಿಮಾನಗಳ ಬಂದೂಕುಗಳನ್ನು ಕಳಚಿ ಆ ಭಾರವನ್ನೂ ಇಂಧನಕ್ಕೇ ಬಿಟ್ಟುಕೊಟ್ಟರು. ಮೂವರು ಪ್ರಯಾಣಿಕರು, 69 ಕಿಲೋ ಟಪಾಲು. ಅದಕ್ಕಿಂತ ಹೆಚ್ಚಿಗೆ ಜಾಗವಿಲ್ಲ. ಹೊರಟ ಮೊದಲ ಹಲವು ಗಂಟೆ ಒಂದು ಎಂಜಿನ್ ಕೈಕೊಟ್ಟರೂ ಕಡಲೇ ಗತಿ.

ಹಾರಾಟಕ್ಕೆ 27ರಿಂದ 33 ಗಂಟೆ ಬೇಕಾಗುತ್ತಿತ್ತು. ಶತ್ರುವಿನ ಕಣ್ಗಾವಲಿದ್ದ ಭಾಗವನ್ನು ಕತ್ತಲಲ್ಲೇ ದಾಟಬೇಕಿತ್ತು. ವೈರಿಗೆ ಸುಳಿವು ಸಿಗಬಾರದೆಂದು ರೇಡಿಯೋದಲ್ಲಿ ಮಾತಿಲ್ಲ. ಪ್ರಯಾಣಿಕರು ಒಂದೇ ಹಾರಾಟದಲ್ಲಿ ಎರಡು ಬಾರಿ ಸೂರ್ಯ ಹುಟ್ಟುವುದನ್ನು ನೋಡುತ್ತಿದ್ದರು. ಆ ನೆನಪಿಗೆ ಅವರಿಗೊಂದು ಪ್ರಮಾಣಪತ್ರವೂ ಸಿಗುತ್ತಿತ್ತು.

ರಾತ್ರಿ ದಾರಿ ತೋರಿದ್ದು ನಕ್ಷತ್ರಗಳು. ಐದು ವಿಮಾನಗಳಿಗೂ ನಕ್ಷತ್ರಗಳದ್ದೇ ಹೆಸರು: ಆಲ್ಟೇರ್, ವೇಗಾ, ರೈಜೆಲ್, ಆಂಟಾರೆಸ್, ಸ್ಪೈಕಾ. ಇವುಗಳಲ್ಲಿ ಮೊದಲ ಮೂರು ಅರಬ್ಬಿಯಿಂದ ಬಂದವು. ಆಲ್ಟೇರ್ ಎಂದರೆ 'ಅಲ್ ತಾಯಿರ್', ಹಾರುವಂಥದ್ದು; ಉರ್ದು ಬಲ್ಲವರಿಗೆ ತಾಯಿರ್ ಎಂದರೆ ಹಕ್ಕಿ. ವೇಗಾ ಎಂದರೆ 'ವಾಕಿ', ಕೆಳಗೆರಗುವ ಹದ್ದು. ರೈಜೆಲ್ ಎಂದರೆ 'ರಿಜ್ಲ್', ಪಾದ. ನಮ್ಮ ಕನ್ನಡದ ಪಂಚಾಂಗದಲ್ಲಿ ಆಲ್ಟೇರ್ ಶ್ರವಣ, ವೇಗಾ ಅಭಿಜಿತ್, ಸ್ಪೈಕಾ ಚಿತ್ತಾ. ಹತ್ತನೇ ಶತಮಾನದಲ್ಲಿ ಪರ್ಷಿಯಾದ ಅಬ್ದುರ್ರಹ್ಮಾನ್ ಅಸ್ಸೂಫಿ ನಕ್ಷತ್ರಗಳ ಸ್ಥಾನ, ಹೊಳಪುಗಳನ್ನು ಗ್ರಂಥವಾಗಿ ಬರೆದಿಟ್ಟವರು. ಮಸೀದಿಯ ದಿಕ್ಕನ್ನೂ ಮರಳುಗಾಡಿನ ದಾರಿಯನ್ನೂ ತೋರಿದ ಆ ವಿದ್ಯೆಯ ಹೆಸರುಗಳೇ ಸಾವಿರ ವರ್ಷದ ನಂತರ ಯುದ್ಧದ ಕತ್ತಲಲ್ಲಿ ಹಾರಿದವು. ಜ್ಞಾನಕ್ಕೆ ಗಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1945ರ ಜುಲೈವರೆಗೆ 271 ಬಾರಿ ಸಾಗರ ದಾಟಿದರೂ ಈ ದಾರಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಆ ವಿಮಾನಗಳನ್ನು ಕಡಲಲ್ಲಿ ಮುಳುಗಿಸಿಬಿಟ್ಟರು.

ಅಷ್ಟೇ ದೂರ ಇಂದಿನ ಜೆಟ್ ವಿಮಾನಕ್ಕೆ ಸುಮಾರು ಏಳು ಗಂಟೆ. ಆದರೆ ಯುದ್ಧ ದಾರಿಯನ್ನು ಉದ್ದ ಮಾಡುವುದು ನಿಂತಿಲ್ಲ. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬಳಿಕ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯಿದ್ದ ಹಾರಾಟ ಹದಿಮೂರು ಗಂಟೆಯಷ್ಟಾಯಿತು. ಭೂಮಿ ಹಿಗ್ಗಿರಲಿಲ್ಲ. ಮನುಷ್ಯರ ನಡುವಿನ ಅಂತರ ಹಿಗ್ಗಿತ್ತು.